ಮೂರನೇ ಸಲ ಯಾರೂ ಕೇಳಲಿಲ್ಲ

ಲೀನಾಳನ್ನು ಮೊದಲ ಸಲ ನೋಡಿದಾಗ ನಾನು ಕೇಳಿದ ಪ್ರಶ್ನೆ ನೆನೆಸಿಕೊಂಡರೆ ಇವತ್ತಿಗೂ ನಾಚಿಕೆಯಾಗುತ್ತದೆ. ಮಿಷಿಗನ್ನಿನ ರಾಚೆಸ್ಟರ್ ಹಿಲ್ಸ್‌ನ ನಮ್ಮ ಬಡಾವಣೆಗೆ ಇನ್ನೊಂದು ಕನ್ನಡದ ಮನೆ ಬಂದಿದೆ ಅಂತ ತಿಳಿದು, ಡಬ್ಬಿಯಲ್ಲಿ ಪುಳಿಯೋಗರೆ ಹಿಡಿದು ಹೋಗಿದ್ದೆ. ಬಾಗಿಲ ಮೇಲೆ ಶಿಲುಬೆ. ಒಳಗಿಂದ ಗದಗಿನ ಕಡೆಯ ಕನ್ನಡ. ಎರಡೂ ನನ್ನ ತಲೆಯಲ್ಲಿ ಹೊಂದಲಿಲ್ಲ. ನನ್ನ ಹೆಸರು ಇಂದು ಅಂತಲೂ ಹೇಳದೆ, ಬಾಗಿಲು ತೆಗೆದವಳನ್ನು, "ನೀವು ಯಾವಾಗ ಕನ್ವರ್ಟ್ ಆದ್ರಿ?" ಅಂದುಬಿಟ್ಟೆ.

"ಅದನ್ನ ನಮ್ಮ ಮುತ್ತಜ್ಜನ್ನ ಕೇಳಬೇಕ್ರಿ. ಅಂವಾ ಈಗ ಇಲ್ಲ," ಅಂದಳು ಲೀನಾ. "ಒಳಗ ಬರ್ರಿ, ಹೊರಗ ಭಾಳ ಥಂಡಿ ಐತಿ."

ಅವಳ ಚರ್ಚಿನ ಅಮೆರಿಕನ್ನರೂ ಅದನ್ನೇ ಕೇಳುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಕನ್ನಡದವಳು ಕ್ರಿಶ್ಚಿಯನ್ ಅಂತ ನಮಗೆ ಆಶ್ಚರ್ಯ, ಇಂಡಿಯಾದವಳು ಕ್ರಿಶ್ಚಿಯನ್ ಅಂತ ಅವರಿಗೆ ಆಶ್ಚರ್ಯ. ಬೆಟಗೇರಿಯ ನೇಕಾರರ, ನಾಲ್ಕು ತಲೆಮಾರಿನಿಂದ ಕನ್ನಡದಲ್ಲೇ ಯೇಸುಸ್ವಾಮಿಯನ್ನು ಪ್ರಾರ್ಥಿಸುತ್ತ ಬಂದ ಮನೆಯವಳು ಎರಡೂ ಕಡೆ ನಿನ್ನೆ ಮೊನ್ನೆ ಬಂದವಳ ಹಾಗೆ ನಿಲ್ಲಬೇಕಿತ್ತು. ಅದಕ್ಕೆ ನನಗೆ ಸಿಟ್ಟು ಬರುತ್ತಿತ್ತು, ಅವಳಿಗೆ ಬರುತ್ತಿರಲಿಲ್ಲ. ಅವಳಿಗೆ ಬರುವುದಿಲ್ಲವಲ್ಲ ಅಂತ ನನಗೆ ಇನ್ನಷ್ಟು ಸಿಟ್ಟು.

ಅವಳು ಹಾಡುತ್ತಾಳೆ ಅಂತ ತಿಳಿಯಲು ನನಗೆ ಆರು ವರ್ಷ ಹಿಡಿಯಿತು. ನನ್ನ ಗಂಡ ಹರಿ ಸ್ಟ್ರೋಕ್ ಆಗಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಹೋದ. ಕನ್ನಡ ಕೂಟದವರೆಲ್ಲ ಬಂದರು, ಸಾರು ತಂದರು, ಸಲಹೆ ತಂದರು. ಲೀನಾ ದಿನಾ ಸಂಜೆ ಬಂದು ಹಾಸಿಗೆಯ ಆ ಕಡೆ ಕುರ್ಚಿಯಲ್ಲಿ ಕೂರುತ್ತಿದ್ದಳು, ಏನೂ ಹೇಳುತ್ತಿರಲಿಲ್ಲ. ನಾಲ್ಕನೇ ದಿನ ನಾನೇ ತಡೆಯಲಾರದೆ, "ಏನಾದ್ರೂ ಮಾತಾಡೇ ಮಾರಾಯ್ತಿ" ಅಂದೆ. ಅವಳು ಮಾತಾಡಲಿಲ್ಲ, ಹಾಡಿದಳು. ಅವಳ ತಾಯಿ ಮಗ್ಗದ ಮುಂದೆ ಕೂತು ಹೇಳಿಕೊಳ್ಳುತ್ತಿದ್ದ ಕೀರ್ತನೆಯಂತೆ. ದನಿ ದೊಡ್ಡದಲ್ಲ. ಆದರೆ ಅದು ಎದೆಗೆ ನೇರವಾಗಿ ಬಂತು, ನಾನು ಹುಡುಗಿಯ ಹಾಗೆ ಅತ್ತೆ. ದಿನಾ ಗಣಪತಿಗೆ ದೀಪ ಹಚ್ಚುವವಳು ನಾನು. ಆಮೇಲಿನ ಸಂಜೆಗಳಲ್ಲೆಲ್ಲ ನನ್ನನ್ನು ಎತ್ತಿ ಹಿಡಿದದ್ದು ಲೀನಾಳ ದೇವರ ಹಾಡು, ಅದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಅಂಥವಳು ಚರ್ಚಿನಲ್ಲಿ ಏನು ಮಾಡುತ್ತಿದ್ದಳು ಗೊತ್ತೇ? ಕಾಫಿ ಮತ್ತು ಸಮೋಸ.

ಅವಳ ಚರ್ಚಿನಲ್ಲಿ ಹೊಸದಾಗಿ ಸೇರಿದವರಿಗೆಲ್ಲ ಒಂದು ಕ್ಲಾಸು. ದೇವರು ನಿನಗೆ ಯಾವ ವರ ಕೊಟ್ಟಿದ್ದಾನೆ ಅಂತ ಕಂಡುಹಿಡಿಯಲು ಒಂದು ಉದ್ದದ ಫಾರ್ಮು. 'ನಾನು ಚೆನ್ನಾಗಿ ಹಾಡುತ್ತೇನೆ', 'ನನ್ನ ಮಾತಿನಿಂದ ಜನಕ್ಕೆ ಸಮಾಧಾನವಾಗುತ್ತದೆ' ಅಂತ ನೂರು ಸಾಲು. ಒಂದೊಂದಕ್ಕೂ ಸೊನ್ನೆಯಿಂದ ಐದರವರೆಗೆ ನೀನೇ ಅಂಕ ಕೊಟ್ಟುಕೊಳ್ಳಬೇಕು. ನಾನು ಆಟೋ ಸಪ್ಲೈಯರ್ ಆಫೀಸೊಂದರ ಎಚ್‌ಆರ್‌ನಲ್ಲಿ ಇಪ್ಪತ್ತು ವರ್ಷ ಇಂಥ ಫಾರ್ಮು ನೋಡಿದವಳು. ಅಮೆರಿಕನ್ ಹುಡುಗ ಕಣ್ಣುಮುಚ್ಚಿ ಐದು ಹಾಕಿಕೊಳ್ಳುತ್ತಾನೆ. ನಮ್ಮವರು ಎರಡು ಹಾಕಿ ಬಾಸ್ ತಾನಾಗಿ ತಿದ್ದಲಿ ಅಂತ ಕಾಯುತ್ತಾರೆ. ಲೀನಾ ಸೊನ್ನೆ ಹಾಕಿದ್ದಳು. ಎಲ್ಲದಕ್ಕೂ. 'ಅತಿಥಿಗಳಿಗೆ ಊಟ ಬಡಿಸುವುದು ನನಗೆ ಇಷ್ಟ' ಅನ್ನುವ ಕಡೆ ಮಾತ್ರ ಸುಳ್ಳು ಹೇಳಲಾಗದೆ ಮೂರು. ಫಾರ್ಮು ಕೂಡಿಸಿ ನೋಡಿದ ವಾಲಂಟಿಯರ್ ಹೆಂಗಸು ಅವಳನ್ನು ನೇರ ಅಡುಗೆಮನೆಗೆ ಕಳಿಸಿದಳು.

"ಹಾಡಿನ ಸಾಲಿಗೆ ಸೊನ್ನೆ ಯಾಕೆ ಹಾಕಿದೆ?" ಅಂತ ಜಗಳ ತೆಗೆದೆ.

"ನನ್ನ ನಾನ ಹೊಗಳಿಕೊಳ್ಳಲೇನ್ರಿ, ಇಂದು ಅಕ್ಕಾ? ದೇವರು ನೋಡಾಕತ್ತಿರತಾನ."

"ಹಾಡು ಅಂತ ಯಾರೂ ಕೇಳಲೇ ಇಲ್ವಾ?"

"ಪಾಸ್ಟರ್ ಒಮ್ಮೆ ಕೇಳಿದ್ರು. ಬ್ಯಾಡ್ರಿ ಅಂದೆ. ಮುಂದ ಕೇಳ್ಲಿಲ್ಲ."

ಆಗ ಬೆಟಗೇರಿಯ ರೂಢಿ ಹೇಳಿದಳು. ಅಲ್ಲಿ ಸಭೆಯಲ್ಲಿ ಹಾಡು ಅಂದ ಕೂಡಲೇ ಎದ್ದು ನಿಂತ ಹುಡುಗಿಗೆ ಸೊಕ್ಕು ಅನ್ನುತ್ತಿದ್ದರಂತೆ. ಮೊದಲ ಸಲ ಕೇಳಿದರೆ ಬೇಡ ಅನ್ನಬೇಕು. ಎರಡನೇ ಸಲ ನನಗೆ ಬರುವುದಿಲ್ಲ ಅನ್ನಬೇಕು. ಮೂರನೇ ಸಲ ಕೇಳಿದಾಗ ತಲೆ ಮೇಲೆ ಸೆರಗು ಎಳೆದುಕೊಂಡು ಎದ್ದೇಳಬೇಕು. ಅಲ್ಲಿಯ ಪಾದ್ರಿ ಅಯ್ಯನವರಿಗೆ ಇದು ಗೊತ್ತು, ಮೂರು ಸಲ ಕೇಳುತ್ತಾರೆ. ಮಿಷಿಗನ್ನಿನ ಪಾಸ್ಟರಿಗೆ ಹೇಗೆ ಗೊತ್ತಾಗಬೇಕು? ಪಾಪ, ಒಳ್ಳೆಯ ಮನುಷ್ಯ. ಬೇಡ ಅಂದವರನ್ನು ಮತ್ತೆ ಕೇಳಿ ಕಾಡುವುದು ಅವರ ಲೆಕ್ಕದಲ್ಲಿ ಅಗೌರವ. ಹೀಗೆ ಒಬ್ಬರ ಮರ್ಯಾದೆಯೂ ಇನ್ನೊಬ್ಬರ ಮರ್ಯಾದೆಯೂ ಸೇರಿ ಹನ್ನೊಂದು ವರ್ಷ ಅವಳು ಸಮೋಸ ಕರಿದಳು.

ಅವಳ ಮಗಳು ವಿನಿತಾ ಅದನ್ನು ನೋಡುತ್ತಲೇ ಬೆಳೆದಳು. ಮನೆಯಲ್ಲೂ ಅಮ್ಮ ಹಾಡಿದ್ದನ್ನು ಅವಳು ಕೇಳಿರಲಿಲ್ಲ. ಹೈಸ್ಕೂಲಿನಲ್ಲಿದ್ದಾಗ ಯಾರೋ ಅವಳನ್ನು 'ಸಮೋಸ ಲೇಡಿಯ ಮಗಳು' ಅಂದರಂತೆ. ಅವತ್ತಿನಿಂದ ಚರ್ಚಿಗೆ ಕಾಲಿಡಲಿಲ್ಲ. ಅಪ್ಪ ತೀರಿಹೋದ ಮೇಲೆ ಶಿಕಾಗೋದಲ್ಲಿ ಕೆಲಸ ಹಿಡಿದು ಅಲ್ಲೇ ಉಳಿದಳು. ತಾಯಿಯ ಮೇಲೆ ಪ್ರೀತಿ ಇತ್ತು, ಬಂದಾಗಲೆಲ್ಲ ಅಲ್ಲಿಯ ಇಂಡಿಯನ್ ಅಂಗಡಿಗಳ ಬೀದಿ ಡೆವನ್ ಅವೆನ್ಯೂದಿಂದ ಜೋಳದ ಹಿಟ್ಟು ತರುತ್ತಿದ್ದಳು. ಆದರೆ ಆ ಪ್ರೀತಿಯಲ್ಲಿ ಸ್ವಲ್ಪ ಕನಿಕರ ಬೆರೆತಿತ್ತು. ಲೀನಾಗೆ ಅದು ಗೊತ್ತಿತ್ತು, ನೋಯುತ್ತಿತ್ತು.

ಹೋದ ವರ್ಷ ಜನವರಿಯಲ್ಲಿ ಲೀನಾಳ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಥೈರಾಯ್ಡ್ ಕ್ಯಾನ್ಸರ್. ಆಪರೇಷನ್ ಆಗಬೇಕು, ಎರಡು ಮೂರು ವಾರ ದನಿ ಒಡೆದ ಹಾಗಿದ್ದು ಸರಿಹೋಗುತ್ತದೆ, ಸರಿಹೋಗದೆಯೂ ಇರಬಹುದು ಅಂದರು ಡಾಕ್ಟರು. ಅವತ್ತು ಕಾರಿನಲ್ಲಿ ಲೀನಾ ಮೊದಲ ಸಲ ತನಗಾಗಿ ಏನನ್ನೋ ಬಯಸಿದಳು. "ಒಂದು ಸಲ ಚರ್ಚಿನಾಗ ನಿಂತು ನಮ್ಮವ್ವನ ಹಾಡು ಹಾಡಬೇಕ್ರಿ, ಇಂದು ಅಕ್ಕಾ. ವಿನಿ ಕೇಳಬೇಕು. ನಾ ಯಾರು ಅಂತ ಆಕೀಗೆ ಗೊತ್ತಾಗಬೇಕು."

ಮರುದಿನವೇ ನಾನು ಪಾಸ್ಟರ್ ಹತ್ತಿರ ಹೋಗಿ ವಿಷಯ ಹೇಳಿದೆ. ಮೂರು ಸಲ ಕೇಳಬೇಕು, ನಡುವೆ ಬೇಡ ಅಂದರೆ ಬಿಡಬಾರದು ಅಂತ ಪಾಠ ಮಾಡಿದೆ. ಆ ಭಾನುವಾರ ಅವರು ಅಡುಗೆಮನೆಗೇ ಬಂದು, ಕಾಫಿ ಪಾತ್ರೆಯ ಪಕ್ಕ ನಿಂತು, ಮೂರು ಸಲ ಕೇಳಿದರು. ಮೂರನೆಯದಕ್ಕೆ ಲೀನಾ ಕೈ ಒರೆಸಿಕೊಂಡು, "ಆಯ್ತ್ರಿ" ಅಂದಳು. ಅವರಿಗೆ ಕಣ್ಣು ತುಂಬಿತು. ಇಷ್ಟು ವರ್ಷ ತಿಳಿಯಲಿಲ್ಲವಲ್ಲ ಅಂತ ಕ್ಷಮೆ ಕೇಳಿದರು. ಫೆಬ್ರವರಿಯ ಎರಡನೇ ಭಾನುವಾರ ಅಂತ ನಿಗದಿಯಾಯಿತು. ಮರುದಿನ ಸೋಮವಾರ ಆಪರೇಷನ್.

ಶನಿವಾರ ಮಧ್ಯಾಹ್ನ ಹಿಮ ಶುರುವಾಯಿತು. ಸಂಜೆಗೆ ಹದಿನಾಲ್ಕು ಇಂಚು. ಭಾನುವಾರದ ಆರಾಧನೆ ಇಲ್ಲ, ಎಲ್ಲರೂ ಮನೆಯಲ್ಲೇ ಇರಿ ಅಂತ ಚರ್ಚಿನಿಂದ ಮೆಸೇಜು ಬಂತು. ವಿನಿತಾ ಆಗಲೇ ಶಿಕಾಗೋ ಬಿಟ್ಟಿದ್ದಳು. ಅರ್ಧ ದಾರಿಯಲ್ಲಿ ಕಲಮಜೂ ಹತ್ತಿರ ಹೈವೇ ಮುಚ್ಚಿ, ಮೋಟೆಲಿನಲ್ಲಿ ರಾತ್ರಿ ಕಳೆದು, ಭಾನುವಾರ ಸಂಜೆ ನಾಲ್ಕಕ್ಕೆ ಬಂದು ಮುಟ್ಟಿದಳು. ನಾನೂ ಅಲ್ಲೇ ಇದ್ದೆ. ಲೀನಾ ರೊಟ್ಟಿ ಬಡಿಯುತ್ತಿದ್ದಳು.

ಬೂಟು ಕಳಚುತ್ತಲೇ ವಿನಿತಾ, "ಮಾಮ್, ಚರ್ಚ್ ಇಲ್ದಿದ್ರೆ ಏನು? ಇಲ್ಲೇ ಹಾಡು. ನಂಗೆ," ಅಂದಳು.

ಲೀನಾ ತಲೆ ತಗ್ಗಿಸಿದಳು. "ಬ್ಯಾಡ ಬಿಡವಾ. ಮೊದ್ಲ ಉಣ್ಣು, ದಣದು ಬಂದೀದಿ."

"ಓಕೆ," ಅಂದಳು ಮಗಳು. ಆಪರೇಷನ್‌ನ ಹಿಂದಿನ ದಿನ ಅಮ್ಮನಿಗೆ ತೊಂದರೆ ಕೊಡಬಾರದು ಅಂತ ಅವಳ ಒಳ್ಳೆಯತನ. ಕೂತು ರೊಟ್ಟಿ ತಿಂದಳು. ಲೀನಾ ಬಡಿಯುತ್ತಲೇ ಇದ್ದಳು, ಎರಡು ಸಲ ಹಿಂತಿರುಗಿ ಮಗಳ ಕಡೆ ನೋಡಿದಳು.

ನನಗೆ ಗೊತ್ತಿತ್ತು. ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಇನ್ನೆರಡು ಸಲ ಕೇಳಮ್ಮ ಅಂತ ವಿನಿತಾಗೆ ಕಿವಿಯಲ್ಲಿ ಹೇಳಿದ್ದರೆ ಸಾಕಿತ್ತು. ನಾನೇ ಕೇಳಿದ್ದರೂ ಆಗುತ್ತಿತ್ತು. ನಾನು ಕಿಟಕಿಯಿಂದ ರಸ್ತೆ ನೋಡುತ್ತಿದ್ದೆ. ಒಂಬತ್ತು ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಡ್ರೈವ್‌ವೇಯ ಹಿಮ ಇನ್ನೂ ಎತ್ತಿಲ್ಲ, ಗಟ್ಟಿಯಾದರೆ ನಾಳೆ ಕಾರು ಹೊರಡುವುದಿಲ್ಲ ಅನ್ನುವ ಯೋಚನೆ. ದನಿ ಸರಿಹೋದ ಮೇಲೆ ಮಾರ್ಚಿನಲ್ಲಿ ಚರ್ಚಿನಲ್ಲೇ ಹಾಡುತ್ತಾಳಲ್ಲ, ಈ ಒಲೆಯ ಮುಂದೆ ಯಾಕೆ ಅಂದುಕೊಂಡೆ. ಕೋಟು ಹಾಕಿಕೊಂಡು ಮನೆಗೆ ಬಂದೆ. ಪಾಸ್ಟರಿಗೆ ಪಾಠ ಹೇಳಿದ ದೊಡ್ಡ ಮನುಷ್ಯಳು ನಾನು.

ಗಡ್ಡೆ ದನಿಯ ನರಕ್ಕೆ ಸುತ್ತಿಕೊಂಡಿತ್ತು. ನರ ಉಳಿಸಿದರೆ ಜೀವ ಉಳಿಯುವುದಿಲ್ಲ ಅಂತ ಡಾಕ್ಟರು ಅದನ್ನು ಕತ್ತರಿಸಬೇಕಾಯಿತು. ಯಾರದೂ ತಪ್ಪಲ್ಲ. ಕ್ಯಾನ್ಸರ್ ಹೋಯಿತು. ಲೀನಾಗೆ ಉಳಿದದ್ದು ಬರೀ ಉಸಿರಿನಂಥ ಪಿಸುಮಾತು, ಅದೂ ನಾಲ್ಕು ಮಾತಿಗೆ ದಣಿವು.

ಈಸ್ಟರ್ ಮುಗಿದ ವಾರ ಅವಳ ಮನೆಗೆ ಹೋಗಿದ್ದೆ. ಅವತ್ತೇ ಬೆಳಿಗ್ಗೆ ಡಾಕ್ಟರು, ಇನ್ನು ದನಿ ಬರುವುದಿಲ್ಲ ಅಂತ ಹೇಳಿ ಕಳಿಸಿದ್ದರು. ವಿನಿತಾ ರಜೆ ಹಾಕಿ ಬಂದಿದ್ದಳು. ಲೀನಾ ಸೋಫಾದಲ್ಲಿ ಕಣ್ಣು ಮುಚ್ಚಿ ಒರಗಿದ್ದಳು, ನಿದ್ದೆ ಬಂದಿರಬೇಕು ಅಂದುಕೊಂಡೆವು. ವಿನಿತಾ ನನ್ನ ಪಕ್ಕ ಬಂದು ಕೂತಳು. ಅವಳ ಮುಖ ನೋಡಲು ನನಗೆ ಧೈರ್ಯವಾಗುತ್ತಿರಲಿಲ್ಲ.

"ಇಂದು ಆಂಟಿ, ನೀವು ಕೇಳಿದೀರಲ್ಲ," ಅಂದಳು ಮೆಲ್ಲಗೆ. "ವಾಸ್ ಶಿ ಗುಡ್?"

ಏನಂತ ಹೇಳಲಿ? ಹರಿಯ ಹಾಸಿಗೆಯ ಪಕ್ಕದ ಆ ಸಂಜೆಗಳನ್ನು ಈ ಹುಡುಗಿಗೆ ಯಾವ ಮಾತಿನಲ್ಲಿ ಕೊಡಲಿ? ಅಷ್ಟರಲ್ಲಿ ಸೋಫಾದ ಕಡೆಯಿಂದ ಏನೋ ಕೇಳಿಸಿತು. ಇಬ್ಬರೂ ಎದ್ದು ಹೋಗಿ ಅವಳ ಬಾಯಿಯ ಹತ್ತಿರ ಬಗ್ಗಿದೆವು. ಲೀನಾ ಮಗಳ ಕೈ ಹಿಡಿದುಕೊಂಡಿದ್ದಳು.

"ಛಲೋ ಹಾಡತಿದ್ದೆ," ಅಂದಳು. ಉಸಿರು ತೆಗೆದುಕೊಂಡಳು. "ಭಾಳ ಛಲೋ ಹಾಡತಿದ್ದೆ, ವಿನಿ. ದೇವರು ನಂಗ ಕೊಟ್ಟಿದ್ದ. ನಾನ ಇಲ್ಲ ಅಂತ ಹೇಳಿಕೋತ ಬಂದೆ."