ಥರ್ಡ್ ಶಿಫ್ಟಿನ ಮನೆಯಲ್ಲಿ ಕೌದಿ

ಅಕ್ಕನ ಮಗಳನ್ನು ಧಾರವಾಡದ ಹಾಸ್ಟೆಲಿಗೆ ಬಿಡಬೇಕೋ ಬೇಡವೋ ಎಂಬ ಪ್ರಶ್ನೆ ಹೋದ ಬೇಸಿಗೆಯುದ್ದಕ್ಕೂ ದಾಂಡೇಲಿಯ ಆ ಮನೆಯಲ್ಲಿ ನಮ್ಮ ಜೊತೆಗೇ ಊಟಕ್ಕೆ ಕೂರುತ್ತಿತ್ತು. ಯಾರೂ ಅದನ್ನು ಮುಗಿಸುತ್ತಿರಲಿಲ್ಲ. ಹುಡುಗಿಗೆ ಎಂಟು ವರ್ಷ. ಹುಬ್ಬಳ್ಳಿಯ ಡಾಕ್ಟರು ಅವಳದು ಎಡಿಎಚ್‌ಡಿ ಎಂದು ಹೇಳಿ ಗುಳಿಗೆ ಬರೆದುಕೊಟ್ಟಿದ್ದರು. ಗಮನವೂ ಮೈಯೂ ಒಂದೆಡೆ ನಿಲ್ಲದ ಈ ಸ್ಥಿತಿ ಹಟವಲ್ಲ, ಬೆಳೆಸಿದವರ ತಪ್ಪೂ ಅಲ್ಲ, ಮಿದುಳು ಕೆಲಸ ಮಾಡುವ ರೀತಿಯೇ ಹಾಗೆ ಎಂದು ಬಿಡಿಸಿ ಹೇಳಿದ್ದರು. ಅಕ್ಕ ತಲೆಯಾಡಿಸಿದಳು. ಅಕ್ಕನ ಗಂಡ, ನಾನು ಮಾಮಾ ಎಂದು ಕರೆಯುವವರು, ಅವರೂ ತಲೆಯಾಡಿಸಿದರು. ಮನೆಗೆ ಬಂದ ಮೇಲೆ ಹುಡುಗಿ ಅದೇ ಹುಡುಗಿ, ಮನೆ ಅದೇ ಮನೆ.

ಆ ಮನೆ ಎಂಥದೆಂದು ಹೇಳಬೇಕು. ಮಾಮಾನದು ಕಾಗದದ ಮಿಲ್ಲಿನಲ್ಲಿ ಮಶೀನಿನ ಕೆಲಸ, ಪಾಳಿ ಬದಲಾಗುತ್ತಲೇ ಇರುತ್ತದೆ. ಥರ್ಡ್ ಶಿಫ್ಟಿನ ವಾರ ಬಂತೆಂದರೆ ಅವರು ರಾತ್ರಿಯಿಡೀ ದುಡಿದು ಬೆಳಿಗ್ಗೆ ಬಂದು ಮಲಗುತ್ತಾರೆ, ಮನೆ ಬಾಯಿ ಮುಚ್ಚಿಕೊಳ್ಳುತ್ತದೆ. ಇಡೀ ಓಣಿಯ ರೂಢಿಯೇ ಇದು. ಆ ವಾರ ಕುಕ್ಕರ್ ಇಡುವುದಿಲ್ಲ, ಅನ್ನ ಬೋಗುಣಿಯಲ್ಲಿ ಬೇಯುತ್ತದೆ. ಚಟ್ನಿ ರುಬ್ಬಲು ಬೇರೆ ಪಾಳಿಯವರ ಮನೆಗೆ ಹೋಗುತ್ತಾರೆ. ಮಕ್ಕಳು ಸದ್ದಿಲ್ಲದೆ ಜಗಳವಾಡುವುದನ್ನು, ಸದ್ದಿಲ್ಲದೆ ಅಳುವುದನ್ನು ಕಲಿಯುತ್ತಾರೆ. ಯಾವ ಬಾಗಿಲ ಮುಂದೆ ಕೂಗಬಾರದೆಂದು ತರಕಾರಿ ಮಾರುವವಳಿಗೂ ಗೊತ್ತಿರುತ್ತದೆ. ಇಂಥ ಓಣಿಯಲ್ಲಿ, ಒಂದು ಗಳಿಗೆ ಸುಮ್ಮನಿರಲಾಗದ ಹುಡುಗಿ ಹುಟ್ಟಿದ್ದಳು.

ಮಾಮಾನನ್ನು ಕೆಟ್ಟವರನ್ನಾಗಿ ಮಾಡಿದ್ದರೆ ವಾದ ಸುಲಭವಾಗುತ್ತಿತ್ತು. ನಾನು ಪ್ರಯತ್ನಿಸಿಯೂ ನೋಡಿದೆ, ನಿಲ್ಲಲಿಲ್ಲ. ನಿದ್ದೆಗೆಟ್ಟು ಒಮ್ಮೆ ಮಶೀನಿನ ಹತ್ತಿರ ನಿಂತಲ್ಲೇ ತೂಕಡಿಸಿದ್ದರಂತೆ, ಜೊತೆಯವನು ರಟ್ಟೆ ಹಿಡಿದು ಎಳೆದುಕೊಂಡನಂತೆ. ಮನೆಯಲ್ಲಿ ಅವರು ಹೇಳಿರಲಿಲ್ಲ, ನೀರು ಹಿಡಿಯುವಲ್ಲಿ ಯಾರೋ ಅಕ್ಕನ ಕಿವಿಗೆ ಹಾಕಿದರು. ಹಾಸ್ಟೆಲಿನ ಮಾತು ಶುರುವಾದದ್ದು ಆಮೇಲೆ.

"ಅಕಿ ಇಲ್ಲಿದ್ರ ನನಗ ನಿದ್ದಿ ಇಲ್ಲ. ನಿದ್ದಿ ಇಲ್ಲಂದ್ರ ಒಂದಿನ ನಾನ ಇರೂದಿಲ್ಲ," ಎಂದರು ಮಾಮಾ, ರೊಟ್ಟಿ ಮುರಿಯುತ್ತ.

ಕಾಲೇಜಿನಲ್ಲಿದ್ದಾಗ ನಾನು ಚರ್ಚಾಸ್ಪರ್ಧೆಗಳಲ್ಲಿ ಪರವೂ ಮಾತಾಡಿದವಳು, ವಿರೋಧವೂ ಮಾತಾಡಿದವಳು. ಬೆಲ್ ಹೊಡೆಯುವ ಮೊದಲು ಎದುರಿನವರ ಮಾತಿನಲ್ಲಿ ತೂತು ಹುಡುಕುವುದು ಎಷ್ಟು ಅಭ್ಯಾಸವಾಗಿದೆಯೆಂದರೆ ಮದುವೆಮನೆಯಲ್ಲೂ ಹುಡುಕುತ್ತೇನೆ. ಈಗ ದಾಂಡೇಲಿಯಲ್ಲೇ ಅತಿಥಿ ಉಪನ್ಯಾಸಕಿ, ಎರಡು ಹೊತ್ತಿನ ಊಟ ಅಕ್ಕನ ಮನೆಯಲ್ಲಿ. ಮಾಮಾನ ಆ ಮಾತಿನಲ್ಲಿ ನನಗೆ ತೂತು ಸಿಗಲಿಲ್ಲ. ಹಾಗೆಂದು ಒಪ್ಪಲೂ ಆಗಲಿಲ್ಲ. ಸ್ವಂತ ತಾಯಿಗೇ ಹಿಡಿಯಲಾಗದ ಮಗುವನ್ನು ನೂರಾರು ಮಕ್ಕಳ ನಡುವೆ ವಾರ್ಡನ್ ಹೇಗೆ ಹಿಡಿಯುತ್ತಾಳೆ? ಹೊಡೆದೇ ಹಿಡಿಯಬೇಕು. ಇದು ಅಕ್ಕನಿಗೂ ಗೊತ್ತಿತ್ತು. ಅದಕ್ಕೇ ಅವಳು ಹಳಿಯಾಳದ ದಾರಿ ಹಿಡಿದಳು.

ಹಳಿಯಾಳದಲ್ಲಿ ಒಂದು ಮಹಡಿ ಕೋಣೆಯಲ್ಲಿ ಬೆಳಗಾವಿ ಕಡೆಯ ಮೇಡಂ ಒಬ್ಬರು ವಾರಕ್ಕೊಮ್ಮೆ ಕೂರುತ್ತಿದ್ದರು. ಉಳಿದ ದಿನ ಮುಂಡಗೋಡ, ಮತ್ತೆಲ್ಲೋ. ಇಂಥ ಮಕ್ಕಳನ್ನೂ ಅವರ ಮನೆಯವರನ್ನೂ ಕೂಡಿಸಿ ಮೈಯಿಂದ ಮಾಡುವ ಚಿಕಿತ್ಸೆ ಅವರದು. ಮಗುವಿನ ತಲೆಗೆ ಮಾತು ಇಳಿಯುವ ಮೊದಲು ಅದರ ಮೈ ನೆಮ್ಮದಿಯಾಗಬೇಕು, ಮಗುವಿನ ಮೈ ನೆಮ್ಮದಿಯಾಗಲು ಜೊತೆಗಿರುವ ದೊಡ್ಡವರ ಮೈ ನೆಮ್ಮದಿಯಾಗಿರಬೇಕು, ಒತ್ತುವುದು, ತಳ್ಳುವುದು, ತೂಗುವುದು ಎಲ್ಲ ಅದಕ್ಕಾಗಿ ಎಂದು ಮೊದಲ ದಿನ ವಿವರಿಸಿದರು. ನಾನು ಪುರಾವೆ ಕೇಳಿದೆ. ಅಕ್ಕ ನನ್ನ ಕಾಲು ತುಳಿದಳು. ಮೇಡಂ ಬೇಜಾರು ಮಾಡಿಕೊಳ್ಳಲಿಲ್ಲ. ಗುಳಿಗೆಗೆ ಇರುವಷ್ಟು ಪುರಾವೆ ಇದಕ್ಕಿಲ್ಲ, ಗುಳಿಗೆ ನಿಲ್ಲಿಸಬೇಡಿ, ಇದು ಅದರ ಜೊತೆಗೆ ಅಷ್ಟೇ ಎಂದರು. ನಾನು ತಯಾರು ಮಾಡಿಕೊಂಡು ಹೋಗಿದ್ದ ಮುಖ್ಯ ಅಂಶವನ್ನು ಅವರೇ ಹೇಳಿಬಿಟ್ಟರು. ಅಂಥವರ ಜೊತೆ ವಾದ ಮಾಡುವುದು ದಣಿವಿನ ಕೆಲಸ.

ಮನೆಯಲ್ಲಿ ಮಾಡಲು ಹೇಳಿದ್ದು ಕೌದಿಯ ಆಟ. ಹಳೆಯ ಸೀರೆಗಳನ್ನು ಪದರ ಪದರ ಹೊಲಿದ ಭಾರದ ಕೌದಿ ನಮ್ಮ ಕಡೆ ಯಾರ ಮನೆಯಲ್ಲಿಲ್ಲ? ಹುಡುಗಿಯನ್ನು ಅದರಲ್ಲಿ ಸುರುಳಿ ಸುತ್ತಿ, ಮುಖ ಹೊರಗಿಟ್ಟು, ಭುಜದಿಂದ ಪಾದದವರೆಗೆ ಗಟ್ಟಿಯಾಗಿ ಒತ್ತುತ್ತ ಅವಳ ಜೊತೆ ಮಾತಾಡಬೇಕು. ಬಿಡು ಎಂದ ಕೂಡಲೇ ಬಿಡಬೇಕು. ಎಲ್ಲರೂ ಮಾಡಬೇಕು, ತಂದೆಯೂ. ತಂದೆಗೆ ಶಿಫ್ಟ್ ಇದೆ ಎಂದಳು ಅಕ್ಕ. ಶಿಫ್ಟ್ ಎಂದರೆ ನಮ್ಮಲ್ಲಿ ಎಲ್ಲಕ್ಕೂ ಉತ್ತರ.

ಅಕ್ಕ ಬಿಡದೆ ಮಾಡಿದಳು. ಅವಳು ಯಾವುದನ್ನೂ ಅರ್ಧಕ್ಕೆ ಬಿಡುವವಳಲ್ಲ. ರೊಟ್ಟಿ ಬಡಿದು, ಭಾಂಡೆ ತಿಕ್ಕಿ, ಕೈ ಒರೆಸಿಕೊಂಡು, ಅಡುಗೆಮನೆಯ ನೆಲದ ಮೇಲೆ ಕೌದಿ ಹಾಸಿ ಮಗಳನ್ನು ಕೈಸನ್ನೆ ಮಾಡಿ ಕರೆಯುತ್ತಿದ್ದಳು. ಮೊದಮೊದಲು ಹುಡುಗಿ ಓಡಿ ಬಂದು ಬೀಳುತ್ತಿದ್ದಳು. ಆಮೇಲೆ ಕೌದಿ ಕಂಡರೆ ಹಿತ್ತಲಿಗೆ ಓಡತೊಡಗಿದಳು. ಸುತ್ತಿದರೆ ಒದೆಯುವಳು, ಕೈ ಕಚ್ಚುವಳು. ಅಕ್ಕನ ಮುಂಗೈ ಮೇಲೆ ಹಲ್ಲಿನ ಗುರುತು ಬಿದ್ದಿತ್ತು. ನನಗೆ, ಹೇಳಲು ಸಂಕೋಚವೇನಿಲ್ಲ, ಒಳಗೊಳಗೇ ಗೆದ್ದ ಹಾಗಾಯಿತು. ಚಿಕಿತ್ಸೆಯಿಂದ ಮಗು ಕೆಡುತ್ತಿದೆ, ಇದಕ್ಕಿಂತ ದೊಡ್ಡ ಖಂಡನೆ ಏನು ಬೇಕು?

ಅಷ್ಟರಲ್ಲಿ ಹಾಸ್ಟೆಲಿನವರು ಸೋಮವಾರ ಹುಡುಗಿಯನ್ನು ಕರೆದುಕೊಂಡು ಬನ್ನಿ ಎಂದು ಹೇಳಿಕಳಿಸಿದರು. ಅದರ ಹಿಂದಿನ ಶನಿವಾರ ಅಕ್ಕ ಕೊನೆಯ ಸಲ ಹಳಿಯಾಳಕ್ಕೆ ಹೊರಟಳು. ಥರ್ಡ್ ಶಿಫ್ಟ್ ಮುಗಿಸಿ ಬಂದಿದ್ದ ಮಾಮಾ ಮಲಗುವ ಬದಲು ಮುಖ ತೊಳೆದುಕೊಂಡು, ನಾನೂ ಬರುತ್ತೇನೆ ಎಂದರು. ತಂದೆ ಒಮ್ಮೆಯೂ ಬರಲಿಲ್ಲವೆಂಬುದು ಅಕ್ಕನ ಮನಸ್ಸಿನಲ್ಲಿ ಉಳಿಯಬಾರದೆಂದು ಇರಬೇಕು. ಬಸ್ಸಿನಲ್ಲಿ ಅವರ ತಲೆ ಕಿಟಕಿಗೆ ಬಡಿಯುತ್ತಲೇ ಇತ್ತು. ಹುಡುಗಿ ನನ್ನ ತೊಡೆಯಿಂದ ಅಕ್ಕನ ತೊಡೆಗೆ, ಅಲ್ಲಿಂದ ಕೆಳಗೆ, ಕೆಳಗಿನಿಂದ ಮುಂದಿನ ಸೀಟಿನವರ ಚೀಲಕ್ಕೆ. ಚೀಲದವರಿಗೆ ನಾನು ಕ್ಷಮೆ ಕೇಳಿದೆ. ಆ ಮಗುವಿನ ಪರವಾಗಿ ಕ್ಷಮೆ ಕೇಳಿ ಕೇಳಿ ನಮ್ಮ ಮನೆಯವರೆಲ್ಲರ ದನಿಯೂ ಒಂದೇ ಥರ ಆಗಿದೆ.

ಕೋಣೆಯ ಹೊರಗೆ ಜೋಯಿಡಾ ಕಡೆಯ ತಾಯಿಯೊಬ್ಬಳು ಮಗನಿಗೆ ಕೊಂಕಣಿಯಲ್ಲಿ ಗದರುತ್ತ ಪಾಳಿ ಕಾಯುತ್ತಿದ್ದಳು. ನಾವು ಒಳಗೆ ಹೋದೆವು. ಮಾಮಾ ಗೋಡೆ ಬದಿಯ ಬೆಂಚಿನ ಮೇಲೆ ಕೂತು ಕಣ್ಣು ಮುಚ್ಚಿದರು. ನಾನು ವಾದ ಮಂಡಿಸಿದೆ. ಹೇಳಿದ್ದನ್ನೆಲ್ಲ ಮಾಡಿದ್ದೇವೆ, ಮಗು ಹೆಚ್ಚು ಕೆರಳಿದೆ, ಇದಕ್ಕೆ ನಿಮ್ಮ ಉತ್ತರವೇನು ಎಂದೆ. ಹೇಗೆ ಮಾಡುತ್ತೀರಿ ತೋರಿಸಿ ಎಂದರು ಮೇಡಂ. ಅಕ್ಕ ಚೀಲದಿಂದ ಕೌದಿ ತೆಗೆದಳು. ಅಷ್ಟು ದೂರ ಅದನ್ನು ಹೊತ್ತು ತಂದಿದ್ದಳು.

ಹುಡುಗಿಯನ್ನು ಸುತ್ತಿದಳು. ಭುಜ ಒತ್ತಿದಳು, ತೋಳು ಒತ್ತಿದಳು. ಹುಡುಗಿ ಏನೋ ಹೇಳಲು ಬಾಯಿ ತೆರೆದಳು. ಅಕ್ಕನ ಬಲಗೈ ತಾನಾಗಿ ಮೇಲೆದ್ದು ಬೆರಳು ತುಟಿಗೆ ಹೋಯಿತು. ಹುಡುಗಿ ಬಾಯಿ ಮುಚ್ಚಿದಳು. ಅಕ್ಕ ಮತ್ತೆ ಒತ್ತಿದಳು. ಹುಡುಗಿ ಮಿಸುಕಿದಳು, ಮತ್ತೆ ಬೆರಳು. ಕೆಳಗೆ ರಸ್ತೆಯಲ್ಲಿ ಟ್ರ್ಯಾಕ್ಟರು ಹಾರ್ನ್ ಹೊಡೆಯುತ್ತಿತ್ತು, ಒಳಗೆ ಅಕ್ಕ ಪಿಸುಗುಟ್ಟುತ್ತಿದ್ದಳು.

"ಅಕ್ಕಾರ, ಇಲ್ಲೆ ಯಾರ ಮಲಗ್ಯಾರ?" ಎಂದರು ಮೇಡಂ.

ಕೌದಿಯೊಳಗಿಂದ ಹುಡುಗಿ ಅಷ್ಟೇ ಮೆಲ್ಲಗೆ, "ಪಪ್ಪಾ," ಎಂದಳು.

"ನಾ ಮಲಗಿಲ್ಲ," ಎಂದರು ಮಾಮಾ ಕಣ್ಣು ತೆರೆಯದೆ.

ಅಕ್ಕ ತನ್ನ ಬೆರಳನ್ನು ನೋಡಿಕೊಂಡಳು. ಅದು ಇನ್ನೂ ಗಾಳಿಯಲ್ಲಿತ್ತು. ಅವಳಿಗೆ ಗೊತ್ತೇ ಇರಲಿಲ್ಲ. ನನಗೂ. ದಿನಾ ಎದುರಿಗೆ ಕೂತು ಊಟ ಮಾಡಿದ್ದೇನೆ, ಕಚ್ಚಿದ ಗುರುತು ಕಂಡಿದ್ದೇನೆ, ಆ ಬೆರಳು ಕಂಡಿರಲಿಲ್ಲ, ಏಕೆಂದರೆ ಆ ಓಣಿಯಲ್ಲಿ ಎಲ್ಲರ ಬೆರಳೂ ಅಲ್ಲೇ ಇರುತ್ತದೆ. ಮಾಮಾನ ಪಾಳಿ ಯಾವುದೇ ಇರಲಿ, ಕೌದಿ ಹಾಸಿದರೆ ಮನೆ ಥರ್ಡ್ ಶಿಫ್ಟಿಗೆ ತಿರುಗುತ್ತಿತ್ತು. ಮಗುವನ್ನು ಕಟ್ಟಿಹಾಕಿ ಬಾಯಿ ಮುಚ್ಚಿಸುವುದನ್ನು ನಾವು ಚಿಕಿತ್ಸೆ ಎಂದು ಮಾಡಿಕೊಂಡು ಬಂದಿದ್ದೆವು.

ಮೇಡಂ ನನ್ನ ಕಡೆ ತಿರುಗಿ, ನಿಮ್ಮ ಮಾತು ಸರಿ, ಹೀಗೆ ಮಾಡಿದರೆ ಹೆಚ್ಚೇ ಆಗುತ್ತದೆ, ಮನೆಗೆ ಬಂದು ನೋಡದೆ ಹೇಳಿಕೊಟ್ಟದ್ದು ನನ್ನ ತಪ್ಪು ಎಂದರು. ಗೆದ್ದ ಹಾಗೆ ಅನ್ನಿಸಲಿಲ್ಲ. ಅಕ್ಕ ಕೌದಿ ಮಡಚುತ್ತಿದ್ದಳು, ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚುತ್ತಿದ್ದಳು.

ಆಮೇಲೆ ಮೇಡಂ ಮಾಮಾನನ್ನು ಕರೆದು, ಮಗಳ ಅಂಗೈಗೆ ಅಂಗೈ ಕೊಟ್ಟು ಒಬ್ಬರನ್ನೊಬ್ಬರು ತಳ್ಳುವ ಆಟ ಆಡಿ ಎಂದರು. ಮಾಮಾ ಏಳಲಿಲ್ಲ. ತಳ್ಳುವ ಶಕ್ತಿ ಇಲ್ಲ, ಬೆನ್ನು ಹಿಡಿದಿದೆ ಎಂದರು. ಅದು ನೆಪವಾಗಿರಲಿಲ್ಲ. ಕೌದಿಯಿಂದ ಹೊರಬಿದ್ದು ಕಿಟಕಿಯ ಸರಳಿಗೆ ಜೋತುಬಿದ್ದಿದ್ದ ಹುಡುಗಿ ಅಲ್ಲಿಂದಲೇ ಕೇಳಿದಳು.

"ತುಳೀಲೇನ ಪಪ್ಪಾ? ಅಮ್ಮಂದು ತುಳೀತೇನಿ ನಾ."

ಅಮ್ಮ ಎಂದರೆ ತೇರಗಾಂವದಲ್ಲಿರುವ ನನ್ನ ತಾಯಿ. ರಜೆಗೆ ಹೋದಾಗ ಹುಡುಗಿಯಿಂದ ಕಾಲು ತುಳಿಸಿಕೊಳ್ಳುತ್ತಾಳೆ. ನಾವೂ ತುಳಿದೇ ಬೆಳೆದವರು. ಹೊಲದಿಂದ ಬಂದ ದೊಡ್ಡವರು ಬೋರಲು ಬಿದ್ದುಕೊಳ್ಳುವುದು, ಮಕ್ಕಳು ಗೋಡೆ ಹಿಡಿದು ಅವರ ಮೇಲೆ ನಡೆಯುವುದು. ಮಾಮಾ ಬೇಡ ಎನ್ನಲೂ ಆಗದಷ್ಟು ದಣಿದಿದ್ದರು. ಚಾಪೆಯ ಮೇಲೆ ಬೋರಲು ಮಲಗಿದರು. ನಡು ತುಳಿಯಬೇಡ, ಬೆನ್ನ ಹುರಿ ಬಿಟ್ಟು ಕಾಲು ಇಡು ಎಂದಷ್ಟೇ ಮೇಡಂ ಹೇಳಿದರು. ಹುಡುಗಿ ಸರಳು ಹಿಡಿದು ಹತ್ತಿದಳು.

ನಾನು ಬಿದ್ದಾಳು ಎಂದು ಕೈ ಚಾಚಿ ನಿಂತೆ. ಬೀಳಲಿಲ್ಲ. ತೊಡೆಯಿಂದ ಮೀನಖಂಡಕ್ಕೆ ಇಳಿದಳು, ಮತ್ತೆ ಭುಜದ ಕೆಳಗೆ ಬಂದಳು. ಮಾಮಾ ನರಳಿದಲ್ಲಿ ನಿಂತಳು.

"ಹಾಂ, ಅಲ್ಲೇ. ಅಲ್ಲೇ ನಿಂದ್ರು, ತಂಗಿ," ಎಂದರು ಮಾಮಾ ಮಗಳಿಗೆ.

ನಿಂತಳು. ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲದವಳು, ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಲ್ಲದವಳು, ಅಪ್ಪನ ಹೆಗಲ ಮೂಳೆಯ ಪಕ್ಕ, ಅವರ ಉಸಿರಿನ ಜೊತೆ ಮೇಲೆ ಕೆಳಗೆ ಆಗುತ್ತ, ನಾಲಿಗೆ ಹೊರಗೆ ಹಾಕಿ ನಿಂತಳು. ಮಾಮಾ ಇಲ್ಲಿ ಎಂದರೆ ಇಲ್ಲಿ, ಸಾಕು ಎಂದರೆ ಸಾಕು. ಮಗಳಿಗೆ ಅವರು ಸುಮ್ಮನಿರು ಎನ್ನುವುದನ್ನು ಬಿಟ್ಟು ಬೇರೆ ಮಾತು ಹೇಳಿದ್ದನ್ನು ನಾನು ಕೇಳಿ ಬಹಳ ದಿನವಾಗಿತ್ತು. ನೋಡುತ್ತಿದ್ದಂತೆ ಅವರ ಬಾಯಿ ತೆರೆದುಕೊಂಡು ಗೊರಕೆ ಶುರುವಾಯಿತು. ಹುಡುಗಿ ಕೆಳಗಿಳಿದು ಮೇಡಂ ಅವರ ಆಟದ ಡಬ್ಬಿಗೆ ಕೈ ಹಾಕಿದಳು, ಡಬ್ಬಿ ಮಗುಚಿ ಚೆಂಡು, ಗಂಟೆ, ಎಲ್ಲ ನೆಲದ ತುಂಬ ಉರುಳಿದವು. ಮನೆಯಲ್ಲಿ ಸೌಟು ಬಿದ್ದರೆ ಏಳುವ ಮನುಷ್ಯ ಹೊರಳಲೂ ಇಲ್ಲ.

ಇದರಿಂದ ಏನನ್ನೂ ಸಾಧಿಸಲು ಬರುವುದಿಲ್ಲ ಎಂದು ನನಗೆ ಗೊತ್ತು. ರಾತ್ರಿಯಿಡೀ ಎದ್ದವನು ಎಲ್ಲಿಯಾದರೂ ಮಲಗುತ್ತಾನೆ. ಎಂಟು ವರ್ಷದ ಮಗು ಹೊಸ ಆಟದಲ್ಲಿ ಕೆಲಹೊತ್ತು ನಿಲ್ಲುತ್ತದೆ. ಒಂದು ಉದಾಹರಣೆ ಪುರಾವೆಯಲ್ಲ, ಎದುರು ತಂಡದವರು ಇದನ್ನು ಹೇಳಿದ್ದರೆ ನಾನು ಎರಡು ವಾಕ್ಯದಲ್ಲಿ ಮುಗಿಸುತ್ತಿದ್ದೆ.

ತಿರುಗಿ ಬರುವ ಬಸ್ಸು ಹತ್ತಿದೆವು. ಹಾಸ್ಟೆಲಿನ ವಿರುದ್ಧ ನಾನು ವಾರದಿಂದ ಒಂದು ಭಾಷಣ ಕಟ್ಟಿಕೊಂಡಿದ್ದೆ, ಅದನ್ನು ತೆಗೆಯುವ ಮನಸ್ಸೇ ಆಗಲಿಲ್ಲ. ದಾರಿ ಅರ್ಧ ಕಳೆದ ಮೇಲೆ ಅಕ್ಕ ನನ್ನ ಕಡೆ ಕೈ ನೀಡಿದಳು.

"ನಿನ್ನ ಖೋಲಿ ಕೀಲಿ ಕೊಡ."

ನಾನು ಎರಡು ಓಣಿ ಆಚೆ ಒಂದು ಬಾಡಿಗೆ ಕೋಣೆಯಲ್ಲಿರುವವಳು. ಹಗಲೆಲ್ಲ ಅದು ಖಾಲಿ, ನಾನು ಕಾಲೇಜಿನಲ್ಲಿ. ಥರ್ಡ್ ಶಿಫ್ಟಿನ ವಾರ ಇವರು ಅಲ್ಲಿ ಮಲಗಲಿ, ಮನೆಯಲ್ಲಿ ಹುಡುಗಿ ಎಷ್ಟು ಬೇಕಾದರೂ ಗದ್ದಲ ಮಾಡಲಿ ಎಂದಳು. ಇಷ್ಟು ಸರಳವಾದದ್ದು ಇಷ್ಟು ದಿನ ಯಾರಿಗೂ ಹೊಳೆದಿರಲಿಲ್ಲ ಎಂದಲ್ಲ. ಹೊಳೆದಿತ್ತು. ನಾದಿನಿಯ ಕೋಣೆಗೆ ಹೋಗಿ ಮಲಗುವ ಗಂಡಸಿನ ಬಗ್ಗೆ ಓಣಿ ಏನಂದೀತು ಎಂದು ಮೂವರೂ ಬಾಯಿ ಬಿಟ್ಟಿರಲಿಲ್ಲ. ಮಾಮಾ ಅದನ್ನೇ ಹೇಳಲು ಹೊರಟರು.

"ಮಂದಿ ಏನಂತಾರ..."

"ಅಂದ್ರ ಅನ್ಲಿ. ನನಗ ಸಾಕಾಗೈತಿ." ಅಕ್ಕ ದನಿ ಏರಿಸಲಿಲ್ಲ. ಪಿಸುಮಾತೂ ಆಗಿರಲಿಲ್ಲ. ಮುಂದಿನ ಸೀಟಿನವರು ತಿರುಗಿ ನೋಡಿದರು.

ಮಾಮಾ ಮುಖ ಒರೆಸಿಕೊಂಡರು. ಆಮೇಲೆ, ಸೋಮವಾರ ಧಾರವಾಡಕ್ಕೆ ಹೋಗುವುದು ಬೇಡ, ಈ ವರ್ಷ ನೋಡೋಣ, ಆದರೆ ನನಗೆ ನಿದ್ದೆ ಬೇಕು ಎಂದರು. ಆ ಕೊನೆಯ ಮಾತನ್ನು ಎರಡು ಸಲ ಹೇಳಿದರು. ಅಕ್ಕ ತಲೆಯಾಡಿಸಿ ನನ್ನ ಭುಜದ ಮೇಲೆ ತಲೆ ಇಟ್ಟು, ದಾಂಡೇಲಿ ಬರುವವರೆಗೆ ಏಳಲಿಲ್ಲ. ಅವಳ ನಿದ್ದೆಯ ಬಗ್ಗೆ ನಮ್ಮಲ್ಲಿ ಯಾರೂ ಯಾವತ್ತೂ ಚರ್ಚೆ ಮಾಡಿರಲಿಲ್ಲ.

ಹುಡುಗಿ ಈಗ ಮೂರನೆಯ ಇಯತ್ತೆ, ಇಲ್ಲಿಯ ಶಾಲೆಯಲ್ಲೇ. ಗುಳಿಗೆ ನಡೆದಿದೆ. ಕಂಪಾಸು ಪೆಟ್ಟಿಗೆ ಇನ್ನೂ ಕಳೆಯುತ್ತಾಳೆ, ಟೀಚರು ಇನ್ನೂ ಕರೆಸುತ್ತಾರೆ. ಬೆಳಿಗ್ಗೆ ಮಾಮಾ ಬಂದ ಕೂಡಲೇ ತುಳಿಯುವ ಕೆಲಸ, ಆಮೇಲೆ ಶಾಲೆ. ಸ್ವಲ್ಪ ತಗ್ಗಿದ್ದಾಳೆ ಎನ್ನುತ್ತಾಳೆ ಅಕ್ಕ. ಗುಳಿಗೆಯಿಂದಲೋ, ಬೆಳೆದದ್ದರಿಂದಲೋ, ತುಳಿದದ್ದರಿಂದಲೋ ಯಾರು ಹೇಳಬೇಕು ಎಂದು ನಾನು ಕೇಳಿದರೆ, ನೀನೇ ಹೇಳು, ಓದಿದವಳು ಎಂದು ಒಗೆಯುವ ಬಟ್ಟೆ ಎತ್ತಿಕೊಂಡು ಹೋಗುತ್ತಾಳೆ. ಹಾಸ್ಟೆಲಿನ ಮಾತು ಮುಂದಿನ ಬೇಸಿಗೆಗೆ ಮತ್ತೆ ಬರಬಹುದು. ಬಂದರೆ ಇಷ್ಟೇ ಉತ್ತರ ನಮ್ಮ ಹತ್ತಿರ.

ಓಣಿ ಅಂದುಕೊಳ್ಳಬೇಕಾದದ್ದನ್ನು ಅಂದುಕೊಂಡಿತು, ಈಗ ಅದಕ್ಕೂ ಬೇಸರವಾದಂತಿದೆ. ಥರ್ಡ್ ಶಿಫ್ಟಿನ ವಾರ ನಾನು ಕಾಲೇಜಿನಿಂದ ಬೇಗ ಬಂದರೆ ನನ್ನ ಕೋಣೆಯ ಬಾಗಿಲು ಮುಚ್ಚಿರುತ್ತದೆ. ಮೆಟ್ಟಿಲ ಮೇಲೆ ಕೂತು ಉತ್ತರ ಪತ್ರಿಕೆ ತಿದ್ದುತ್ತೇನೆ. ಮೊನ್ನೆ ಬಾಗಿಲು ತೆರೆದು ಹೊರಬಂದ ಮಾಮಾ ಕೆಂಪು ಕಣ್ಣುಜ್ಜುತ್ತ ಶಾಲೆ ಬಿಟ್ಟಿತೇ ಎಂದು ಕೇಳಿದರು. ಇನ್ನೂ ಇಲ್ಲ ಎಂದೆ. ಆದರೂ ಚಪ್ಪಲಿ ಮೆಟ್ಟಿ ಶಾಲೆಯ ಗೇಟಿನ ಕಡೆ ಹೋದರು. ನಾನು ಒಳಗೆ ಹೋಗಿ, ಪತ್ರಿಕೆಗಳನ್ನು ಹಾಗೇ ಬಿಟ್ಟು, ಬಿಸಿ ಆರದ ಹಾಸಿಗೆಯ ಮೇಲೆ ನಾನೂ ಒಂದು ಗಳಿಗೆ ನಿದ್ದೆಗೆಂದು ಉರುಳಿಕೊಂಡೆ.