ಅತ್ತೆಗೆ ಬಂದ ಶ್ರೇಷ್ಠ ನಟಿ ಪ್ರಶಸ್ತಿ

ನಮ್ಮ ಅತ್ತೆಗೆ ಜರ್ಮನಿಯಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ ಬಂತು ಎಂದರೆ ಮೈಸೂರಿನ ನೆಂಟರು ಇವತ್ತಿಗೂ ನಂಬುವುದಿಲ್ಲ. ನಟಿ ಅನ್ನುವುದನ್ನು ನಂಬುತ್ತಾರೆ, ಪ್ರಶಸ್ತಿ ಅನ್ನುವುದನ್ನು ನಂಬುವುದಿಲ್ಲ.

ನಾವಿರುವುದು ಹೈಡೆಲ್‌ಬರ್ಗ್‌ನಿಂದ ರೈಲಿನಲ್ಲಿ ಸ್ವಲ್ಪ ಹೊತ್ತಿನ ದಾರಿಯಲ್ಲಿರುವ ಒಂದು ಸಣ್ಣ ಊರಿನಲ್ಲಿ. ನಾನೂ ನನ್ನ ಗಂಡನೂ ಕೆಲಸಕ್ಕೆಂದು ಬಂದವರು, ಹೈಡೆಲ್‌ಬರ್ಗ್‌ನಲ್ಲಿ ಬಾಡಿಗೆ ಮನೆ ಸಿಗದೆ ಇಲ್ಲಿಗೆ ತಳ್ಳಲ್ಪಟ್ಟವರು. ಈ ಊರಿಗೆ ಹೆಮ್ಮೆ ಪಡಲು ಇರುವುದು ಬಿಳಿ ಸ್ಪಾರ್ಗೆಲ್ ಒಂದೇ. ರಕ್ತ ಕಡಿಮೆಯಾದ ನುಗ್ಗೆಕಾಯಿಯಂತಿರುವ ತರಕಾರಿ ಅದು. ವಸಂತದಲ್ಲಿ ಅದು ಮಾರುಕಟ್ಟೆಗೆ ಬಂತೆಂದರೆ ಜನ ಮನೆಯಲ್ಲಿ ಮಗು ಹುಟ್ಟಿದಷ್ಟು ಸಂಭ್ರಮಪಡುತ್ತಾರೆ. ಅದರ ಕಾಲ ಮುಗಿಯುವ ಹೊತ್ತಿಗೆ ಊರಿನ ಹಳೆಯ ಅಗ್ನಿಶಾಮಕ ಠಾಣೆಯಲ್ಲಿ ಸ್ವತಂತ್ರ ಚಲನಚಿತ್ರೋತ್ಸವ ನಡೆಯುತ್ತದೆ. ಅದಕ್ಕೆ ಬರುವವರು ಚಿತ್ರ ಮಾಡಿದವರು, ಅವರ ನೆಂಟರು, ಮತ್ತು ಸಿನಿಮಾಕ್ಕಿಂತ ಬಿಯರ್ ಚೆನ್ನಾಗಿರುತ್ತದೆ ಎಂದು ತಿಳಿದವರು.

ನಮ್ಮ ಕೆಳಗಿನ ಮನೆಯವರು ಈ ಉತ್ಸವದ ಖಾಯಂ ಗಿರಾಕಿ. ಟ್ರಾಮ್ ಓಡಿಸಿ ನಿವೃತ್ತರಾದ ಮನುಷ್ಯ. ಇಡೀ ಆಯುಷ್ಯ ಹಳಿ ಬಿಟ್ಟು ಆಚೀಚೆ ಹೋಗದೆ ಬೇಸತ್ತು ಈಗ ಕಲೆಗೆ ಇಳಿದಿದ್ದರು. ಪ್ರತಿ ವರ್ಷ ಒಂದು ಚಿತ್ರ ಮಾಡುತ್ತಿದ್ದರು. ಅವರ ಚಿತ್ರಗಳಲ್ಲಿ ಏನೂ ನಡೆಯುತ್ತಿರಲಿಲ್ಲ. ಕಿಟಕಿ ಇರುತ್ತಿತ್ತು, ಮಳೆ ಇರುತ್ತಿತ್ತು, ಕೊನೆಗೆ ಅವರ ಹೆಸರು ಬರುತ್ತಿತ್ತು. ಪ್ರಶಸ್ತಿ ಒಂದೂ ಬಂದಿರಲಿಲ್ಲ. ನಟರ ಕೊರತೆ ಬೇರೆ. ಹಿಂದಿನ ವರ್ಷ ಹೆಂಡತಿಯನ್ನು ಹೆಣವಾಗಿ ಮಲಗಿಸಿದ್ದರಂತೆ. ಆಕೆ ನಿಜವಾಗಿ ನಿದ್ದೆ ಹೋಗಿ ಗೊರಕೆ ಹೊಡೆದು, ಅದರ ಮೇಲೆ ಇಬ್ಬರಿಗೂ ಜಗಳವಾಗಿ, ಇನ್ನು ನಿನ್ನ ಸಿನಿಮಾಕ್ಕೂ ನನಗೂ ಸಂಬಂಧವಿಲ್ಲ ಎಂದು ಆಕೆ ಹೇಳಿಬಿಟ್ಟಿದ್ದರು.

ಅಂಥ ಹೊತ್ತಿಗೆ ಅತ್ತೆ ಬಂದರು. ಅತ್ತೆ ಮೈಸೂರಿನಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಮಾತಾಡುವುದಕ್ಕೇ ಸಂಬಳ ಪಡೆದವರಿಗೆ ಸುಮ್ಮನಿರುವ ಊರಿನಲ್ಲಿ ಮೂರು ತಿಂಗಳು ಇರಬೇಕಾಗಿ ಬಂತು. ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಅವರು ಬಾಲ್ಕನಿಯಲ್ಲಿ ನಿಂತು, ಕೆಳಗೆ ಹೋಗುವ ಬರುವವರನ್ನೆಲ್ಲ ಕನ್ನಡದಲ್ಲಿ ವಿಚಾರಿಸಿಕೊಳ್ಳುತ್ತಿದ್ದರು. ಒಂದು ದಿನ ಕೆಳಗಿನ ಮನೆಯವರು ನಮ್ಮ ಬಾಗಿಲು ತಟ್ಟಿ, ಟೋಪಿ ಕೈಯಲ್ಲಿ ಹಿಡಿದು, ಹೆಣ್ಣು ಕೇಳಲು ಬಂದವರ ಗಾಂಭೀರ್ಯದಲ್ಲಿ ಕೂತರು.

“ನಿಮ್ಮ ಅತ್ತೆಯವರ ಮುಖದಲ್ಲಿ ಆಳವಾದ ಮೌನವಿದೆ. ನನ್ನ ಹೊಸ ಚಿತ್ರಕ್ಕೆ ಅವರು ಬೇಕು,” ಎಂದರು.

ನನ್ನ ಗಂಡ ಕುಡಿಯುತ್ತಿದ್ದ ನೀರು ಮೂಗಿಗೆ ಹತ್ತಿತು.

ಕಥೆ ಇಷ್ಟೇ: ಒಬ್ಬ ವಿಧವೆ ತೋಟದಲ್ಲಿ ಕೂತು ಸ್ಪಾರ್ಗೆಲ್ ಸಿಪ್ಪೆ ತೆಗೆಯುತ್ತ ಸತ್ತ ಗಂಡನಿಗಾಗಿ ಕಾಯುತ್ತಾಳೆ. ಮಾತಿಲ್ಲ. ನಾನು ಅತ್ತೆಗೆ ವಿವರಿಸಿದೆ. ಅತ್ತೆ, “ಮಧ್ಯಾಹ್ನ ಹೇಗೂ ಬೇಜಾರು, ಹೋಗೋಣ,” ಎಂದು ಒಳ್ಳೆಯ ಸೀರೆ ಉಟ್ಟು, ಅದರ ಮೇಲೆ ನನ್ನ ಗಂಡನ ಸ್ವೆಟರ್ ಹಾಕಿಕೊಂಡು ಹೊರಟರು.

ಶೂಟಿಂಗಿಗೆ ನಾನು ಹೋಗಿರಲಿಲ್ಲ. ಅವರ ತೋಟ ಊರಾಚೆ ಇತ್ತು, ನನಗೆ ಆಫೀಸಿತ್ತು. ಸಂಜೆ ಅತ್ತೆ ಬಂದು, ಚೆನ್ನಾಗಾಯಿತು ಎಂದರು. ನಿರ್ದೇಶಕರೂ ಬಂದು, “ಮೊದಲಿಗೆ ಮೌನವಾಗಿದ್ದರು. ಆಮೇಲೆ ಮೆಲ್ಲಗೆ ಪ್ರಾರ್ಥನೆ ಮಾಡತೊಡಗಿದರು. ನಾನು ತಡೆಯಲಿಲ್ಲ. ಅದು ಮೌನಕ್ಕಿಂತ ಆಳವಾಗಿತ್ತು. ಆ ಪ್ರಾರ್ಥನೆಗೆ ನೀವು ಜರ್ಮನ್ ಸಬ್‌ಟೈಟಲ್ ಮಾಡಿಕೊಡಬೇಕು,” ಎಂದರು.

ಅತ್ತೆ ನಮ್ಮ ಮನೆಗೆ ಬಂದಮೇಲೆ ಒಂದು ದಿನವೂ ಮೆಲ್ಲಗೆ ಪ್ರಾರ್ಥಿಸಿದ್ದನ್ನು ನಾನು ಕಂಡಿರಲಿಲ್ಲ. ರಾತ್ರಿ ಅತ್ತೆ ಮಲಗಿದ ಮೇಲೆ, ನಿರ್ದೇಶಕರು ಕೊಟ್ಟುಹೋಗಿದ್ದನ್ನು ಲ್ಯಾಪ್‌ಟಾಪಿನಲ್ಲಿ ಹಾಕಿ ಕೇಳಿದೆ. ಪರದೆಯ ಮೇಲೆ ಅತ್ತೆ ಸೇಬಿನ ಮರದ ಕೆಳಗೆ ಕೂತು, ಕೈಯಲ್ಲಿದ್ದ ಸ್ಪಾರ್ಗೆಲ್ ಜೊತೆ ಮಾತಾಡುತ್ತಿದ್ದರು.

“ಸುಮ್ನೆ ಕೂತ್ಕೊಂಡು ಸಿಪ್ಪೆ ತೆಗೀಬೇಕಂತೆ. ಇದನ್ನ ನೋಡೋಕೆ ಜನ ಬರ್ತಾರಂತೆ. ನಮ್ಮಲ್ಲಿ ಇದನ್ನ ನೋಡೋಕೆ ಬೆಕ್ಕೂ ಬರಲ್ಲ. ಇಷ್ಟು ಸಿಪ್ಪೆ ತೆಗೆದ್ರೆ ನಿನ್ನಲ್ಲಿ ಇನ್ನೇನಪ್ಪಾ ಉಳಿಯುತ್ತೆ? ಈ ಯಪ್ಪನೋ, ಕ್ಯಾಮೆರಾ ಹಿಂದೆ ನಿಂತ್ಕೊಂಡು ಅಳೋ ಮುಖ ಮಾಡ್ತಿದಾನೆ. ಹೆಂಡ್ತಿ ಪಾಪ, ಹೇಗೆ ತಡ್ಕೊಂಡಿದಾಳೋ. ನಮ್ಮನೆಯೋರು ಹಿಂಗೆ ಅಲೀತಿದ್ರೆ ಆ ಕ್ಯಾಮೆರಾ ಮಾರಿ ಮಿಕ್ಸಿ ತಂದಿರ್ತಿದ್ದೆ.”

ಅಲ್ಲಿಂದ ಜರ್ಮನಿಯ ಕಡೆ ತಿರುಗಿದರು. “ಭಾನುವಾರ ಬಂದ್ರೆ ಊರೇ ಸತ್ತಿರುತ್ತೆ. ಮಿಕ್ಸಿ ಹಾಕಬೇಡಿ, ಬಟ್ಟೆ ಒಗೀಬೇಡಿ, ಜೋರಾಗಿ ಸೀನಬೇಡಿ. ಉಸಿರಾಡಬಹುದಾ ಅಂತ ಯಾರನ್ನ ಕೇಳಬೇಕೋ.”

ಆಮೇಲೆ ನನ್ನ ಸರದಿ. “ನನ್ನ ಸೊಸೆ ಮಾಡೋದನ್ನ ಸಾರು ಅನ್ನಬಾರದು. ಬಿಸಿನೀರಿಗೆ ಅರಿಸಿನ ಹಚ್ಚಿದ ಹಾಗಿರುತ್ತೆ. ಆದ್ರೆ ಒಂದು ಹೇಳಬೇಕು. ನನ್ನ ಮಗ ಬಾಯಿ ತೆಗೆದ್ರೆ ಮುಚ್ಚೋನಲ್ಲ. ಇವಳು ಒಂದು ಸಲ ತಿರುಗಿ ನೋಡಿದ್ರೆ ಮುಚ್ತಾನೆ. ಅದು ನನ್ನ ಕೈಲಿ ಆಗಿರಲಿಲ್ಲ.”

ನನ್ನ ಗಂಡ ಪಕ್ಕದಲ್ಲೇ ಕೂತಿದ್ದ. ಏನೋ ಹೇಳಲು ಬಾಯಿ ತೆಗೆದ. ನಾನು ತಿರುಗಿ ನೋಡಿದೆ.

ಕೊನೆಯಲ್ಲಿ ಅತ್ತೆಯ ದನಿ ಸ್ವಲ್ಪ ತಗ್ಗಿತ್ತು. “ಇವನ ಕಥೇಲಿ ನಾನು ಸತ್ತ ಗಂಡನ್ನ ಕಾಯ್ತಿದೀನಂತೆ. ಬದುಕಿದ್ದಾಗಲೇ ನಮ್ಮನೆಯೋರನ್ನ ಊಟಕ್ಕೆ ಕಾದೂ ಕಾದೂ ಸಾಕಾಗಿತ್ತು. ಇನ್ನು ಸತ್ತ ಮೇಲೂ ಕಾಯಬೇಕಾ?” ಕೈ ನಿಂತಿತು. “ಅಲ್ಲಾದ್ರೂ ಹೊತ್ತಿಗೆ ಸರಿಯಾಗಿ ತಿಂತಿದಾರೋ ಇಲ್ವೋ.” ಮತ್ತೆ ಸಿಪ್ಪೆ ತೆಗೆಯತೊಡಗಿದರು.

“ಸ್ವಲ್ಪ ನಯ ಮಾಡಿ ಬರಿ. ಊರಿನವರೆಲ್ಲ ಓದ್ತಾರೆ,” ಎಂದ ಗಂಡ.

ನಾನು ನಯ ಮಾಡಲಿಲ್ಲ. ಸಾರಿನ ಮಾತು ನನಗೆ ಉರಿದಿತ್ತು, ಇರುವುದನ್ನು ಇದ್ದ ಹಾಗೆ ಬರೆದುಬಿಡುವಷ್ಟು ಉರಿದಿತ್ತು. ಜೊತೆಗೆ ಇಷ್ಟು ಚೆನ್ನಾದ ಬೈಗುಳವನ್ನು ತೊಳೆದು ಇಸ್ತ್ರಿ ಮಾಡಲು ಮನಸ್ಸೂ ಬರಲಿಲ್ಲ.

ಮರುದಿನ ಕೆಳಗಿನ ಮನೆಯ ಅಡುಗೆಕೋಣೆಯಲ್ಲಿ ನಿರ್ದೇಶಕರು ಅದನ್ನು ಓದಿದರು. ಪ್ರಾರ್ಥನೆಯ ಅರ್ಥ ತಿಳಿಯುತ್ತ ಹೋದಂತೆ ಕಿವಿ ಕೆಂಪಗಾಯಿತು. “ಇದು ನನ್ನ ಚಿತ್ರವಲ್ಲ,” ಎಂದು ಹಾಳೆಗಳನ್ನು ಮೇಜಿನ ಮೇಲಿಟ್ಟರು. ಅವರ ಹೆಂಡತಿ ತಟ್ಟೆ ಒರೆಸುತ್ತಿದ್ದರು. ಹಾಳೆ ತೆಗೆದುಕೊಂಡು ನಿಂತಲ್ಲೇ ಓದಿದರು. ಮಿಕ್ಸಿಯ ಸಾಲಿಗೆ ಬಂದಾಗ ಕುರ್ಚಿ ಎಳೆದುಕೊಂಡು ಕೂತರು. ನಗುವಿಗೆ ಕನ್ನಡಕ ತೆಗೆಯಬೇಕಾಯಿತು.

“ಇದರಲ್ಲಿ ಒಂದಕ್ಷರ ಬದಲಾಯಿಸಿದರೆ ಈ ವರ್ಷವೆಲ್ಲ ನೀನು ಸೋಫಾ ಮೇಲೆ ಮಲಗಬೇಕಾಗುತ್ತೆ,” ಎಂದರು.

ಒಂದಕ್ಷರವೂ ಬದಲಾಗದೆ ಚಿತ್ರ ಉತ್ಸವಕ್ಕೆ ಹೋಯಿತು.

ಪ್ರದರ್ಶನದ ದಿನ ಅತ್ತೆ ನನ್ನ ಪಕ್ಕ ಕೂತಿದ್ದರು. ತಾವು ಆಡಿದ ಮಾತು ಈ ದೇಶದಲ್ಲಿ ಯಾರಿಗೂ ತಿಳಿಯದು ಎಂಬ ನೆಮ್ಮದಿ ಅವರಿಗೆ. ಬೆಕ್ಕಿನ ಮಾತಿಗೆ ಹಾಲ್ ನಕ್ಕಿತು. ಭಾನುವಾರಕ್ಕೆ ಇನ್ನೂ ಜೋರಾಗಿ ನಕ್ಕಿತು. ಅತ್ತೆ ನನ್ನ ಕಡೆ ಬಾಗಿದರು.

“ಇವರಿಗೆ ಹೇಗೆ ಗೊತ್ತಾಗ್ತಿದೆಯೇ?”

“ಕೆಳಗೆ ಜರ್ಮನ್‌ನಲ್ಲಿ ಬರ್ತಿದೆಯಲ್ಲ ಅತ್ತೆ.”

“ಯಾರು ಬರೆದಿದ್ದು?”

“ನಾನೇ.”

“ಸಾರಿಂದೂ?”

“ಸಾರಿಂದೂ.”

“ಅರಿಸಿನ ಅಂತಲೇ ಹಾಕಿದೀಯಾ?”

“ಹೂಂ.”

“ಸರಿ ಹಾಗಾದ್ರೆ,” ಎಂದು ನೆಟ್ಟಗೆ ಕೂತು ಮಿಕ್ಕದ್ದನ್ನು ನೋಡಿದರು. ಕೊನೆಯ ಮಾತಿಗೆ ಯಾರೂ ನಗಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ಅತ್ತೆ ಅವರ ಕಡೆ ತಿರುಗಿ, ನೆಗಡಿ ಇರಬೇಕು ಎಂದರು.

ಪ್ರಶಸ್ತಿ ಸಮಾರಂಭ ಅದೇ ಸಂಜೆ. ತೀರ್ಪುಗಾರರಲ್ಲಿ ಒಬ್ಬರು ಊರಿನ ಗ್ರಂಥಪಾಲಕಿ, ಇನ್ನೊಬ್ಬರು ಬಿಯರಿನ ಖರ್ಚು ಕೊಟ್ಟ ದಂತವೈದ್ಯರು. ದಂತವೈದ್ಯರು ಪ್ರತಿ ವಿಜೇತರನ್ನೂ ಬಾಯಿ ನೋಡಿಯೇ ಅಭಿನಂದಿಸುತ್ತಿದ್ದರು. ಶ್ರೇಷ್ಠ ಸಾಕ್ಷ್ಯಚಿತ್ರ, ಬ್ರೆಡ್ಡಿನ ಹುಳಿಹಿಟ್ಟು ಉಬ್ಬುವುದನ್ನು ಆದಿಯಿಂದ ಅಂತ್ಯದವರೆಗೆ ತೋರಿಸಿದ ಬೇಕರಿಯಾಕೆಗೆ ಹೋಯಿತು. ಶ್ರೇಷ್ಠ ಚಿತ್ರ ಒಂದು ಗಾಳಿಯಂತ್ರದ ಬಗ್ಗೆ. ಅದು ತಿರುಗುತ್ತಿತ್ತು, ಕೊನೆಗೆ ನಿಂತಿತು. ಶ್ರೇಷ್ಠ ನಿರ್ದೇಶನ ಎಂದು ಕೂಗಿದಾಗ ನಮ್ಮ ನಿರ್ದೇಶಕರು ಅರ್ಧ ಎದ್ದಿದ್ದರು. ಎಸ್ಕಲೇಟರನ್ನು ತಲೆಕೆಳಗಾಗಿ ಚಿತ್ರೀಕರಿಸಿದ ವಿದ್ಯಾರ್ಥಿನಿಯ ಹೆಸರು ಬಂತು. ಅವರು ಪ್ಯಾಂಟು ಸರಿಮಾಡಿಕೊಂಡವರ ಹಾಗೆ ಕೂತುಕೊಂಡರು.

ಆಮೇಲೆ ಶ್ರೇಷ್ಠ ನಟಿ. ಗ್ರಂಥಪಾಲಕಿ ಅತ್ತೆಯ ಉದ್ದನೆಯ ಹೆಸರನ್ನು ಅಕ್ಷರ ಅಕ್ಷರ ಮುರಿದು ಹೇಳಿದರು. ನನಗೇ ಅರ್ಥವಾಗಲು ಹೊತ್ತು ಹಿಡಿಯಿತು. ಅತ್ತೆಯನ್ನು ಎಬ್ಬಿಸಿಕೊಂಡು ವೇದಿಕೆಗೆ ಹೋದೆ.

ಪ್ರಶಸ್ತಿ ಎಂದರೆ ಪ್ಲಾಸ್ಟರಿನಲ್ಲಿ ಮಾಡಿದ, ಮೊಳದುದ್ದದ, ನೆಟ್ಟಗೆ ನಿಂತ ಬಿಳಿ ಸ್ಪಾರ್ಗೆಲ್. ಅದನ್ನು ನೋಡಿದವರಿಗೆ ತರಕಾರಿ ನೆನಪಾಗುವುದು ಆಮೇಲೆ. ಮೊದಲು ಏನು ನೆನಪಾಗುತ್ತದೆ ಎಂದು ನಾನು ಬರೆಯುವುದಿಲ್ಲ. ಊರಿನವರಿಗೆ ಅಭ್ಯಾಸವಾಗಿಹೋಗಿತ್ತು. ಅತ್ತೆಗೆ ಆಗಿರಲಿಲ್ಲ.

“ಇದನ್ನ ಹೇಗೆ ಹಿಡ್ಕೊಳ್ಳೋದೇ?” ಎಂದು ನನ್ನ ಕಿವಿಯಲ್ಲಿ ಕೇಳಿದರು. ಆಮೇಲೆ ತಾವೇ ಉಪಾಯ ಮಾಡಿ ಅದಕ್ಕೆ ಸೆರಗು ಹೊದಿಸಿದರು. ಜನ ಅದನ್ನು ಭಾರತೀಯ ಸಂಪ್ರದಾಯವೆಂದು ತಿಳಿದು ಚಪ್ಪಾಳೆ ತಟ್ಟಿದರು.

ಮೈಕ್ ಕೊಟ್ಟೊಡನೆ ಅತ್ತೆ ಆಫೀಸಿನ ದನಿಗೆ ಬಂದರು. “ಹಲೋ, ಕೇಳಿಸ್ತಿದೆಯಾ? ನನಗೆ ನಟನೆ ಬರಲ್ಲ. ಮಾತಾಡಬೇಡಿ ಅಂದ್ರು, ಮಾತಾಡಿದೆ. ಹೇಳಿದ ಮಾತು ಕೇಳದೆ ಇದ್ದಿದ್ದಕ್ಕೆ ನೀವು ಪ್ರಶಸ್ತಿ ಕೊಟ್ಟಿದೀರಿ. ನಮ್ಮ ಸೂಪರ್‌ವೈಸರಮ್ಮ ಅದಕ್ಕೇ ನನಗೆ ಮೆಮೋ ಕೊಡ್ತಿದ್ಲು. ನಿಮ್ಮೂರು ಒಳ್ಳೇದು.” ನಾನು ಜರ್ಮನ್‌ನಲ್ಲಿ ಹೇಳಿದೆ. ದಂತವೈದ್ಯರು ಅತ್ತೆಯ ಹಲ್ಲು ನೋಡಿ ತಲೆದೂಗಿದರು.

ಕೆಳಗಿಳಿದು ಬಂದರೆ ನಿರ್ದೇಶಕರ ಕುರ್ಚಿ ಖಾಲಿ. ಹೊರಗೆ ಅಂಗಳದಲ್ಲಿ ಒಬ್ಬರೇ ನಿಂತಿದ್ದರು. ಅತ್ತೆ ನೇರ ಅವರ ಹತ್ತಿರ ಹೋಗಿ ಕನ್ನಡದಲ್ಲೇ, “ಮುಂದಿನ ಸಲ ನಿಮಗೂ ಬರುತ್ತೆ ಬಿಡಿ. ಅಷ್ಟು ಅಳು ಮುಖ ಮಾಡ್ಕೋಬೇಡಿ,” ಎಂದರು. ನಾನು ಅನುವಾದಿಸಿದೆ.

“ನಾನು ಮೌನದ ಬಗ್ಗೆ ಚಿತ್ರ ಮಾಡಿದ್ದೆ. ಇವರು ಅದನ್ನು ಹಾಳು ಮಾಡಿದರು,” ಎಂದರು ಅವರು. ಆಮೇಲೆ, “ಚೆನ್ನಾಗಿ ಹಾಳು ಮಾಡಿದರು,” ಎಂದು ಅತ್ತೆಯ ಕೈ ಕುಲುಕಿದರು. ಕೈ ಕುಲುಕಲೆಂದು ಅತ್ತೆ ಸ್ಪಾರ್ಗೆಲನ್ನು ನನ್ನ ಗಂಡನಿಗೆ ದಾಟಿಸಿದರು. ಅವನು ಅದನ್ನು ಹಿಡಿದು ಮನೆಯವರೆಗೆ ಊರ ಮಧ್ಯದಲ್ಲಿ ನಡೆದುಬಂದ.

ಅತ್ತೆ ಮೈಸೂರಿಗೆ ಹೊರಟಾಗ ಅದನ್ನು ಒಯ್ಯಲಿಲ್ಲ. ಸೂಟ್‌ಕೇಸಿನಲ್ಲಿ ನಾನ್‌ಸ್ಟಿಕ್ ಬಾಣಲೆಗೆ ಜಾಗ ಬೇಕಿತ್ತು. ಅದಕ್ಕಿಂತ, ಅಂಥದ್ದನ್ನು ಬ್ಯಾಗಿನಿಂದ ತೆಗೆಸಿ ಇದೇನು ಎಂದು ಏರ್‌ಪೋರ್ಟಿನಲ್ಲಿ ಕೇಳಿದರೆ ಏನು ಹೇಳುವುದು ಎಂಬ ಭಯ ಇತ್ತು.

ಮುಂದಿನ ವರ್ಷ ಕೆಳಗಿನ ಮನೆಯವರು ಹೆಂಡತಿಯನ್ನು ಒಪ್ಪಿಸಿ ಕ್ಯಾಮೆರಾ ಮುಂದೆ ಕೂರಿಸಿದರು. ಈ ಸಲ ಬಾಯಿ ಮುಚ್ಚು ಎನ್ನಲಿಲ್ಲ. ಆಕೆ ಚಿತ್ರದುದ್ದಕ್ಕೂ ಬಟ್ಟೆ ಮಡಚುತ್ತ ಗಂಡನನ್ನು ಬೈದರು. ಅವರಿಗೆ ಶ್ರೇಷ್ಠ ನಿರ್ದೇಶನ ಬಂತು, ಆಕೆಗೆ ಏನೂ ಬರಲಿಲ್ಲ. ಅವರು ವೇದಿಕೆ ಹತ್ತುವಾಗ ಆಕೆ ನನ್ನ ಪಕ್ಕದಲ್ಲಿ ಕೈಕಟ್ಟಿ ಕೂತಿದ್ದರು.

“ಮದುವೆಯಾದ ಮೇಲೆ ನನ್ನ ಮಾತನ್ನು ಇವನು ಪೂರ್ತಿ ಕೇಳಿದ್ದು ಇದೇ ಮೊದಲು,” ಎಂದರು. “ಅದೂ ಎಡಿಟ್ ಮಾಡೋದಕ್ಕೆ.”