ಮೂಲೆಯಿಲ್ಲದ ಚೀಲ

ನಿನ್ನೆ ಪಕ್ಕದ ಮನೆಯ ಹುಡುಗಿ ಒಂದು ಆಮಂತ್ರಣ ಪತ್ರಿಕೆ ಕೊಟ್ಟುಹೋದಳು. ಅವಳ ಕಾಲೇಜಿನಲ್ಲಿ ‘ಪ್ರಾದೇಶಿಕ ನಾವೀನ್ಯತೆ ಮತ್ತು ಉದ್ಯಮಶೀಲತಾ ವ್ಯವಸ್ಥೆಯ ನಿರ್ವಹಣೆ’ ಎಂಬ ವಿಚಾರ ಸಂಕಿರಣವಂತೆ. ಒಂದೇ ಉಸಿರಿನಲ್ಲಿ ಓದಲಾಗದೆ ನಡುವೆ ಚಹಾ ಗುಟುಕರಿಸಬೇಕಾಯಿತು. ಆಮೇಲೆ ನಗು ಬಂತು. ನೋಡಿ, ಇಂಥದೊಂದು ವ್ಯವಸ್ಥೆಯನ್ನು ಎಪ್ಪತ್ತರ ದಶಕದಲ್ಲೇ, ಮುದ್ದೇಬಿಹಾಳದ ನಮ್ಮ ಹಿತ್ತಿಲ ಗೋಡೆಯ ಆಚೆ ಕಂಡವಳು ನಾನು. ಅದನ್ನು ನಿರ್ವಹಿಸಲು ಹೋಗಿ ಕೆಡಿಸಿದವರೂ ನಾವೇ.

ನಮ್ಮವರು ಆಗ ಕೈಗಾರಿಕಾ ವಿಸ್ತರಣಾಧಿಕಾರಿ. ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳಗಳಲ್ಲಿ ಹೊಸ ಉದ್ಯಮಿಗಳನ್ನು ಹುಟ್ಟಿಸುವುದು ಅವರ ಕೆಲಸ. ಇಂಡಿಯಲ್ಲಿ ಸೀಮೆಸುಣ್ಣ ಮಾಡಿಸಿದರು. ಅದು ಹಲಗೆಗಿಂತ ಮಾಸ್ತರರ ಮೀಸೆಯ ಮೇಲೆ ಚೆನ್ನಾಗಿ ಮೂಡುತ್ತಿತ್ತು. ಸಿಂದಗಿಯಲ್ಲಿ ಮೇಣದಬತ್ತಿ, ಬೇಸಿಗೆಯ ಝಳಕ್ಕೆ ಬತ್ತಿಗಳೆಲ್ಲ ಸೊಂಟ ಬಗ್ಗಿಸಿ ಬಂದವರಿಗೆ ನಮಸ್ಕಾರ ಮಾಡುತ್ತಿದ್ದವು.

ಗೋಡೆಯ ಆಚೆ ಇದ್ದವಳು ಗಂಗವ್ವ. ಗಂಡ ತೀರಿಕೊಂಡ ಮೇಲೆ, ಆಲಮಟ್ಟಿ ಅಣೆಕಟ್ಟಿನ ಕೆಲಸದ ಹದಿನೆಂಟು ಮಂದಿಗೆ ಜೋಳದ ರೊಟ್ಟಿ ಬಡಿದು ಬದುಕುತ್ತಿದ್ದಳು. ರೊಟ್ಟಿ ಕಟ್ಟಲು ಒಬ್ಬೊಬ್ಬರದು ಒಂದೊಂದು ಅರಿವೆ: ತಾಂಬಾದವನದು ಹರಿದ ರುಮಾಲು, ತಾಳಿಕೋಟೆಯವನದು ಹೆಂಡತಿಯ ಹಸಿರು ಸೀರೆಯ ತುಂಡು. ಮುಂಜಾನೆಯ ಬಸ್ಸಿನಲ್ಲಿ ರೊಟ್ಟಿ ಹೋಗುತ್ತಿತ್ತು, ಸಂಜೆಯ ಬಸ್ಸಿನಲ್ಲಿ ಬರಿಯ ಅರಿವೆ ತಿರುಗಿ ಬರುತ್ತಿತ್ತು.

ನಮ್ಮವರಿಗೆ ಇದು ಅಶಿಸ್ತಾಗಿ ಕಂಡಿತು.

“ಗಂಗವ್ವಾ, ಎಲ್ಲಾ ಒಂದ ನಮೂನಿ ಇರಬೇಕು. ಬಿಳಿ ಚೀಲ, ಮ್ಯಾಲ ನಂಬರ.”

“ಅವ್ರ ಅರವಿ ಅವ್ರಿಗೆ ಗುರ್ತು ಅದಾವಲ್ರಿ, ಸಾಹೇಬ್ರ.”

“ಹಿಂಗಂದ್ರ ಉದ್ಯೋಗ ಬೆಳೀತೈತೇನು?”

ಅವಳು ಸೆರಗು ಸರಿಮಾಡಿಕೊಂಡು ರೊಟ್ಟಿ ಬಡಿಯಲು ಹೋದಳು. ಚೀಲ ಹೊಲಿದವಳು ನಾನು. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ವಿದ್ಯೆ ಹಾಳಾಗಬಾರದಲ್ಲ! ಪ್ರತಿ ಅಂಕಿಯ ಪಕ್ಕದಲ್ಲೊಂದು ಗುಲಾಬಿ ಮೊಗ್ಗೂ ಹಾಕಿದೆ.

ವಾರದೊಳಗೆ ರಗಳೆ ಶುರುವಾಯಿತು. ರಜೆಯ ಮೇಲೆ ಊರಿಗೆ ಹೋದವರ ರೊಟ್ಟಿ ತಿನ್ನುವವರಿಲ್ಲದೆ ಹಿಂದಕ್ಕೆ ಬಂತು. ನೆಂಟರು ಬಂದವರಿಗೆ ಸಾಲದಾಯಿತು. ಆರು ಮಂದಿ ಬೇಸತ್ತು ಅಲ್ಲಿಯ ಖಾನಾವಳಿ ಹಿಡಿದರು. ಇನ್ನೂ ಆರು ಮಂದಿ ಬಿಟ್ಟರೆ ಅವಳ ಒಲೆ ಆರಿದಂತೆಯೇ. ಗಂಗವ್ವ ಚೀಲಗಳನ್ನು ಮಡಚಿ ತಂದು ನನ್ನ ಮುಂದಿಟ್ಟಳು.

“ಹೊಲಿಗಿ ಭಾಳ ಚಲೋ ಐತ್ರಿ ಅಕ್ಕಾರ. ಆದ್ರ ಚೀಲಕ್ಕ ಬಾಯಿ ಐತಿ, ಮಾತಿಲ್ರಿ.”

“ಹಂಗಂದ್ರ?”

“ಅರವಿ ಮೂಲ್ಯಾಗ ಒಂದು ಗಂಟು ಹಾಕಿ ಕಳಿಸಿದ್ರ, ನಾಳೆ ರೊಟ್ಟಿ ಬ್ಯಾಡ ಅಂತ. ಎರಡು ಹಾಕಿದ್ರ, ಮಂದಿ ಬಂದಾರ, ಹೆಚ್ಚಿಗಿ ಕಟ್ಟು ಅಂತ. ಈ ಚೀಲದ ಮೂಲಿ ಎಲ್ಲೈತ್ರಿ? ನಿಮ್ಮ ಹೂವಿಗೆ ಗಂಟು ಹಾಕಬೇಕೇನ್ರಿ?”

“ಮೊದ್ಲ ಯಾಕ ಹೇಳಲಿಲ್ಲ?”

“ನೀವು ಕೇಳಿದ್ರೇನ್ರಿ?”

ಮರುದಿನ ಹಳೆಯ ಅರಿವೆಗಳು ಮತ್ತೆ ಬಸ್ಸೇರಿದವು. ಆರರಲ್ಲಿ ನಾಲ್ವರು ತಿರುಗಿ ಬಂದರು, ಇಬ್ಬರು ಬರಲಿಲ್ಲ. ನಮ್ಮವರ ವರದಿಯಲ್ಲಿ ಗಂಗವ್ವನ ಹೆಸರಿರಲಿಲ್ಲ. ರೊಟ್ಟಿ ಹೊಸ ಉದ್ಯಮವಲ್ಲವಂತೆ. ‘ಮುದ್ದೇಬಿಹಾಳ: ಬಟ್ಟೆ ಚೀಲ ತಯಾರಿಕೆ, ಮಹಿಳಾ ಉದ್ಯಮಿ ಒಬ್ಬರು’ ಎಂದಿತ್ತು. ಆ ಒಬ್ಬರು ನಾನು!

ಈ ಕಥೆಯನ್ನು ನಮ್ಮವರ ಮೇಲೆ ಹಾಕಿ ಎಷ್ಟು ಮಂದಿಯನ್ನು ನಗಿಸಿದ್ದೇನೋ. ಆದರೆ ಒಂದು ಮಾತು ಬಿಟ್ಟೇ ಹೇಳುತ್ತಿದ್ದೆ. ಸಂಜೆ ಬಸ್ಸಿನಿಂದ ತಂದ ಅರಿವೆಗಳನ್ನು ಗಂಗವ್ವ ನಮ್ಮ ಗೋಡೆಯ ಮೇಲಿಟ್ಟು ನೀರಿಗೆ ಹೋಗುತ್ತಿದ್ದಳು. ಚೀಲಕ್ಕೂ ಮೊದಲಿನ ಮಾತು; ಆ ಗಂಟುಗಳು ನನ್ನ ಕಣ್ಣಿಗೆ ಬಿದ್ದಿದ್ದವು. ಗಂಡಸರ ಒರಟುತನ ಎಂದುಕೊಂಡು, ಪಾಪ, ಒಗೆಯುವವಳಿಗೆ ಹಗುರಾಗಲಿ ಎಂದು ಎರಡು ಮೂರು ಸಲ ನಾನೇ ಬಿಚ್ಚಿಟ್ಟಿದ್ದೆ. ಮರುದಿನ ಯಾರ ರೊಟ್ಟಿ ಒಣಗಿತೋ, ಯಾರು ಅರೆಹೊಟ್ಟೆ ಉಂಡರೋ.

ಇಷ್ಟು ಬರೆದು, ಎದ್ದು ಹೋಗಿ ನಮ್ಮವರಿಗೆ ಹೇಳಿಬಿಟ್ಟೆ. ಅವರು ಪೇಪರು ಇಳಿಸಿ ನೋಡಿದರು.

“ಗಂಗವ್ವಗ ಹೇಳಿದ್ಯೇನು?”

“ಇಲ್ಲ.”

“ಹಂಗಾದ್ರ ಅರ್ಧಾ ತಪ್ಪು ನಿಂದು,” ಎಂದರು, ಬಹಳ ವರ್ಷಗಳ ಮೇಲೆ ಕಾಲು ಚಾಚಿ ಕುಳಿತವರ ಸಮಾಧಾನದಲ್ಲಿ.

ಬರೀ ಅರ್ಧವೇ ಎಂದು ನಾನು ಕೇಳಲಿಲ್ಲ.